ಜೋಡಿ ಬಾದಾಮಿಯ ಗೆಳತಿಯರು

ಉರ್ದು ತರಗತಿಯಲ್ಲಿ ನಾವು ಮೀರ್, ಗಾಲಿಬರ ಗಜಲುಗಳನ್ನು ಬಾಯಿಪಾಠ ಮಾಡಿದವರು. ಆದರೆ 'ರೇಖ್ತಿ' ಎಂಬ ಹೆಸರನ್ನು ನಮ್ಮ ಉಸ್ತಾದರು ಒಮ್ಮೆಯೂ ಎತ್ತಲಿಲ್ಲ. ಅದು ಕಿವಿಗೆ ಬಿದ್ದದ್ದು ನಾವು ಕತೆ ಬರೆಯತೊಡಗಿದ ಮೇಲೆ.

ಅಂದಿನ ಉರ್ದು ಕಾವ್ಯಕ್ಕೆ 'ರೇಖ್ತಾ' ಎಂಬ ಹೆಸರಿತ್ತು. ಹೆಣ್ಣಿನ ದನಿಯಲ್ಲಿ ಬರೆದ ಕವಿತೆಗೆ 'ರೇಖ್ತಿ' ಎಂದು ಹೆಸರಿಟ್ಟವರು ಸಆದತ್ ಯಾರ್ ಖಾನ್ ರಂಗೀನ್ (1757–1835). ಅವರ ಗೆಳೆಯ ಇನ್ಶಾ, ಆಮೇಲೆ ಜಾನ್ ಸಾಹಿಬ್ ಲಖನೌದಲ್ಲಿ ಅದನ್ನು ಬೆಳೆಸಿದರು. ಹೆಣ್ಣಿನ ದನಿಯ ಗಜಲಿಗೆ ನಮ್ಮ ನೆಲದಲ್ಲೂ ಬೇರುಗಳಿವೆ. ಹದಿನೇಳನೆಯ ಶತಮಾನದ ಹಾಶ್ಮಿ ಬಿಜಾಪುರಿ ದಖನಿಯಲ್ಲಿ ಹಾಗೆ ಬರೆದಿದ್ದರು.

ಲಖನೌದ ರೇಖ್ತಿಯಲ್ಲಿ ಬಳೆ, ಬಟ್ಟೆ, ದಾಸಿಯರ ಜಗಳ, ಗಂಡನ ಮೇಲಿನ ದೂರು ಎಲ್ಲವೂ ಇವೆ. ಅವುಗಳ ನಡುವೆಯೇ ಗೆಳತಿಯ ಮೇಲಿನ ಪ್ರೇಮವೂ ಇದೆ. ಆ ಗೆಳತಿಗೆ 'ದೋಗಾನಾ' ಎಂದು ಹೆಸರು. ಒಂದೇ ಸಿಪ್ಪೆಯೊಳಗೆ ಎರಡು ತಿರುಳಿರುವ ಬಾದಾಮಿಯನ್ನು ಹಂಚಿಕೊಂಡ ಜೋಡಿ ಅದು. ಗಂಡಿಗೂ ಹೆಣ್ಣಿಗೂ ಒಲಿಯುವ ಮನಸ್ಸನ್ನು ಇಂದು 'ಬೈಸೆಕ್ಶುವಲ್' ಎನ್ನುತ್ತೇವೆ. ಆ ಪದ ಇಲ್ಲದ ಕಾಲದಲ್ಲೂ ಆ ಮನಸ್ಸಿಗೆ ಮಾತು ಸಿಕ್ಕಿತ್ತು.

ಬರೆದವರು ಬಹುತೇಕ ಗಂಡಸರು ಎಂಬುದನ್ನು ಮರೆಯಬಾರದು. ಹೆಣ್ಣಿನ ದನಿಯಲ್ಲಿ ಅನುಕಂಪವೂ ಇತ್ತು, ಗಂಡಸರ ಮೋಜೂ ಇತ್ತು.

1857ರ ದಂಗೆಯ ನಂತರ ಗಾಳಿ ಬದಲಾಯಿತು. ಆಳುವವರ ನೈತಿಕತೆಯ ಮುಂದೆ ನಾಚಿದ ಸುಧಾರಕರು ಕಾವ್ಯವನ್ನು ಶುದ್ಧಗೊಳಿಸಲು ಹೊರಟರು. 1893ರಲ್ಲಿ ಬಂದ ಹಾಲಿಯವರ 'ಮುಕದ್ದಮಾ' ಆ ಯುಗದ ದನಿ. ರೇಖ್ತಿ ಅಶ್ಲೀಲವೆನಿಸಿ ಪಠ್ಯಗಳಿಂದ ಮರೆಯಾಯಿತು. 1942ರಲ್ಲಿ ಇಸ್ಮತ್ ಚುಗ್ತಾಯಿ 'ಲಿಹಾಫ್' ಬರೆದಾಗ ಲಾಹೋರಿನ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆರೋಪ ನಿಲ್ಲಲಿಲ್ಲ. ಆದರೆ ಅಜ್ಜಿಯರ ಕಾಲದ ಕಾವ್ಯ ಹೇಳಿದ್ದನ್ನು ಮೊಮ್ಮಕ್ಕಳು ಕೇಳಿಯೇ ಇಲ್ಲವೆಂಬಂತೆ ಬೆಚ್ಚಿದ್ದರು!

ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ 2000ದಲ್ಲಿ ಸಂಪಾದಿಸಿದ ಗ್ರಂಥ ಈ ಪುಟಗಳನ್ನು ಮತ್ತೆ ತೆರೆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಆದರೂ ತೆರೆಯ ಮೇಲೆ ಇಬ್ಬರಿಗೂ ಒಲಿಯುವವರು ಬಂದರೆ, ಹೆಚ್ಚಿನಂಶ ಚಂಚಲರಾಗಿ, ಮೋಸಗಾರರಾಗಿ ಬರುತ್ತಾರೆ. ಇಲ್ಲವೇ ಕತೆ ಮುಗಿಯುವುದರೊಳಗೆ ಯಾವುದಾದರೊಂದು ಕಡೆಗೆ ಸರಿಯುತ್ತಾರೆ.

ಧರ್ಮದ ವಿಧಿ-ನಿಷೇಧಗಳ ಚರ್ಚೆ ಬೇರೆ, ಇತಿಹಾಸದ ಹಾಳೆ ಹರಿಯುವುದು ಬೇರೆ. ಹಾಳೆ ಹರಿದರೆ ಆ ಮನಸ್ಸಿನವರು ಇಲ್ಲವಾಗುವುದಿಲ್ಲ. ತಾಯ್ನುಡಿಯಲ್ಲಿ ತಮಗೊಂದು ಹೆಸರೂ ಇಲ್ಲವೆಂದು ಯಾವುದೋ ಮನೆಯ ಮೂಲೆಯಲ್ಲಿ ಒಂಟಿಯಾಗಿ ಕೊರಗುತ್ತಾರೆ. ಹೆಸರಿತ್ತು ಎಂದಷ್ಟನ್ನಾದರೂ ನಾವು ಅವರಿಗೆ ಹೇಳಬೇಡವೇ?