ರಾಯರ ಕೆರೆ ಮತ್ತು ನನ್ನ ಬ್ಯಾಕಪ್

ಹೊಸಪೇಟೆ ದಾಟಿ ಸಂಡೂರಿನ ಗುಡ್ಡಗಳ ಕಡೆ ಹೊರಟರೆ ಒಂದು ಭಾರೀ ಏರಿ ಸಿಗುತ್ತೆ. ಒಳಗೆ ನೀರಿಲ್ಲ, ಹೊಲಗಳಿವೆ. ಹೆಸರು ಮಾತ್ರ ಇನ್ನೂ ರಾಯರ ಕೆರೆ. ಕಂಪ್ಲಿ ಕಡೆಯವನಾದ ನನಗೆ ಚಿಕ್ಕಂದಿನಲ್ಲಿ ಅದು ಬರೀ ಒಂದು ದಿಬ್ಬ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯೊಂದನ್ನು ಕಂಡ. ಹದಿನೈದಿಪ್ಪತ್ತು ಸಾವಿರ ಜನ ದುಡೀತಿದ್ದರು, ಏರಿ ಪದೇಪದೇ ಕುಸಿದಿತ್ತು. ಆ ಕೆರೆ ಇದೇ ಅಂತ ಗುರುತಿಸಿದವನು ರಾಬರ್ಟ್ ಸೆವೆಲ್. ಪಾಯಸ್ ಕಂಡದ್ದು ಅರ್ಧ ಆದ ಕೆರೆ. ಸುಮಾರು ಹದಿನೈದು ವರ್ಷದ ಮೇಲೆ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ರಾಜರ ಕಥೆಯನ್ನು ಒಬ್ಬರಾದ ಮೇಲೊಬ್ಬರಂತೆ ಬರೆದ. ಅವನಲ್ಲಿ ಕೆರೆ ಮುಗಿದಿದೆ, ಗದ್ದೆ ತೋಟಗಳಿಗೆ ನೀರು ಹರಿದಿದೆ.

ನಾನು ಡೇಟಾಬೇಸ್ ನೋಡಿಕೊಳ್ಳೋನು. ನಡೀತಾ ಇರೋ ಡೇಟಾಬೇಸನ್ನ ಬ್ಯಾಕಪ್‌ಗಾಗಿ ನಿಲ್ಲಿಸೋಕಾಗಲ್ಲ. ಕಾಪಿಗೆ ಮೂರು ಗಂಟೆ ಹಿಡಿದರೆ ಅಷ್ಟರಲ್ಲಿ ನಾನು ನಿಮಗೆ ದುಡ್ಡು ಕಳಿಸಿರ್ತೀನಿ. ನಿಮ್ಮ ಖಾತೆ ಮೊದಲು, ನನ್ನದು ಕೊನೆಗೆ ಕಾಪಿ ಆದರೆ ದುಡ್ಡು ನನ್ನಿಂದ ಹೋಗಿರುತ್ತೆ, ನಿಮಗೆ ಬಂದಿರಲ್ಲ. ಅದಕ್ಕೇ ಪೋಸ್ಟ್‌ಗ್ರೆಸ್‌ನಂಥವು ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್‌ನಲ್ಲಿ ಬರೆದಿಡುತ್ತವೆ. ಕಾಪಿ ಶುರುವಾದಾಗಿನಿಂದ ಮುಗಿಯೋವರೆಗಿನ ಲಾಗ್ ಇದ್ದರೆ, ರಿಸ್ಟೋರ್ ಮಾಡುವಾಗ ಕಾಪಿ ಮೇಲೆ ಅದನ್ನು ಓಡಿಸಿ ಲೆಕ್ಕ ಸರಿ ಮಾಡಬಹುದು. ಪಾಯಸ್ ಕಾಪಿ, ನೂನಿಜ್ ಲಾಗ್.

ಹಿಂದೊಂದು ಕೆಲಸದಲ್ಲಿ ನಾನು ದಿನಾ ರಾತ್ರಿ ಕಾಪಿ ತೆಗೀತಿದ್ದೆ, ಲಾಗ್ ಇಡ್ತಿರಲಿಲ್ಲ. ಡಿಸ್ಕ್ ಕೆಟ್ಟ ರಾತ್ರಿ ಎರಡು ಗಂಟೆಗೆ ನೋಡಿದರೆ ಆ ಕಾಪಿಯಿಂದ ಡೇಟಾಬೇಸ್ ಏಳಲೇ ಇಲ್ಲ. ಅಷ್ಟು ದಿನ ಒಂದು ಸಲವೂ ರಿಸ್ಟೋರ್ ಮಾಡಿ ನೋಡಿರಲಿಲ್ಲ. ತಪ್ಪು ನನ್ನದೇ.

1565ರ ಯುದ್ಧದ ನಂತರ ರಾಜಧಾನಿ ಹಾಳಾಯ್ತು. ಆದರೆ ಈ ಇಬ್ಬರ ಬರಹಗಳ ಪ್ರತಿ ದೂರದ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಉಳಿದಿತ್ತು. 1897ರಲ್ಲಿ ಡೇವಿಡ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದ, 1900ರಲ್ಲಿ ಸೆವೆಲ್ ಇಂಗ್ಲಿಷಿಗೆ ತಂದ. ಯಾರೋ ತೆರೆದು ಓದಿದ ಮೇಲೇ ಅದು ನಮಗೆ ದಕ್ಕಿದ್ದು.

ದಕ್ಕದೇ ಹೋದದ್ದೂ ಇದೆ. ನೂನಿಜ್‌ನ ಲಾಗ್ ಅಚ್ಯುತರಾಯನ ಕಾಲಕ್ಕೆ ನಿಲ್ಲುತ್ತೆ. ಏರಿಗೆ ಮಣ್ಣು ಹೊತ್ತವರ, ಏರಿ ನಿಲ್ಲಲಿ ಅಂತ ಬಲಿ ಕೊಟ್ಟ ಖೈದಿಗಳ ಹೆಸರು ಇಬ್ಬರಲ್ಲೂ ಇಲ್ಲ. ಅವರನ್ನು ಯಾವ ರಿಸ್ಟೋರೂ ವಾಪಸ್ ತರಲ್ಲ.

ಈಗ ಪ್ರತಿ ತಿಂಗಳು ಬೇರೆ ಮೆಷಿನ್ ಮೇಲೆ ರಿಸ್ಟೋರ್ ಮಾಡಿ ನೋಡ್ತೀನಿ. ಊರಿಗೆ ಹೋದಾಗ ಆ ಏರಿಯನ್ನೂ.