ಇ-ಸೈಕಲ್: ಮೋಟಾರ್ ಕೂತ ಮೇಲೂ ಅದು ಸೈಕಲ್ಲೇ?

ಬ್ಯಾಟರಿ ಮತ್ತು ಚಿಕ್ಕ ಮೋಟಾರ್ ಅಳವಡಿಸಿ, ಪೆಡಲ್ ತುಳಿಯುವ ಕಾಲಿಗೆ ನೆರವು ಸಿಗುವಂತೆ ಮಾಡಿದ ಸೈಕಲ್ಲೇ ಇ-ಸೈಕಲ್. ಜಪಾನ್, ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಅದು ಮನೆಮನೆಯ ವಾಹನವಾಗಿದೆ. ನೆದರ್ಲೆಂಡ್ಸ್ ಮತ್ತು ಜರ್ಮನಿಯಲ್ಲಂತೂ ಈಚಿನ ವರ್ಷಗಳಲ್ಲಿ ಮಾರಾಟವಾಗುವ ಹೊಸ ಸೈಕಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಅದರ ಜೊತೆಗೇ ಒಂದು ತಕರಾರೂ ಬೆಳೆದಿದೆ: ಮೋಟಾರ್ ತಳ್ಳಿದ ಮೇಲೆ ಅದನ್ನು ಸೈಕಲ್ ತುಳಿಯುವುದು ಎನ್ನಬಹುದೇ? ಕಾನೂನು, ವೈದ್ಯಕೀಯ, ಕ್ರೀಡೆ ಈ ಮೂರೂ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಮೂರೂ ಅಳೆಯುವುದು ಬೇರೆ ಬೇರೆ ಸಂಗತಿಗಳನ್ನಾದ್ದರಿಂದ ಮೂರೂ ಉತ್ತರಗಳು ಅವುಗಳ ಮಟ್ಟಿಗೆ ಸರಿಯೇ.

ಹುಟ್ಟಿ ಬೆಳೆದ ಬಗೆ

ಸೈಕಲ್ಲಿಗೆ ಮೋಟಾರ್ ಹೂಡುವ ಯೋಚನೆ ಹೊಸದಲ್ಲ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತ ಹಿಂದಿನ ಚಕ್ರದ ನಡುವೆಯೇ ಮೋಟಾರ್ ಕೂರಿಸಿದ ಬ್ಯಾಟರಿ ಸೈಕಲ್ಲಿಗೆ 1895ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಭಾರವಾದ ಬ್ಯಾಟರಿ, ಕಡಿಮೆ ಓಟ, ಪೈಪೋಟಿಗೆ ನಿಂತ ಪೆಟ್ರೋಲ್ ಎಂಜಿನ್ ಇವೆಲ್ಲ ಸೇರಿ ಆ ದಾರಿ ಬಹುಕಾಲ ಮುಚ್ಚಿಯೇ ಇತ್ತು.

ನಿಜವಾದ ತಿರುವು ಬಂದದ್ದು 1993ರಲ್ಲಿ. ಜಪಾನಿನ ಯಮಹಾ ಕಂಪನಿ ಆ ವರ್ಷ ‘ಪಾಸ್’ ಎಂಬ ಸೈಕಲ್ ಮಾರುಕಟ್ಟೆಗೆ ತಂದಿತು. ಸವಾರ ಪೆಡಲ್ ಮೇಲೆ ಎಷ್ಟು ಬಲ ಹಾಕುತ್ತಾನೆ ಎಂಬುದನ್ನು ಅಳೆದು, ಅದಕ್ಕೆ ತಕ್ಕಷ್ಟೇ ನೆರವು ನೀಡುವುದು ಅದರ ಹೊಸತನ. ತುಳಿತ ನಿಂತರೆ ಮೋಟಾರೂ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಮೋಟಾರ್ ಎಂದರೆ ಕಾಲಿನ ಬದಲಿಗೆ ದುಡಿಯುವ ಯಂತ್ರ ಎಂದಿತ್ತು. ಈಗ ಅದು ಕಾಲಿನ ಜೊತೆಗೆ ದುಡಿಯುವ ಯಂತ್ರವಾಯಿತು. ಇಂದಿನ ಬಹುಪಾಲು ಕಾನೂನುಗಳು ನಿಂತಿರುವುದು ಇದೇ ವ್ಯತ್ಯಾಸದ ಮೇಲೆ.

ಕೆಲಸ ಮಾಡುವ ಕ್ರಮ

ಇ-ಸೈಕಲ್ಲಿನ ಗುಣ ನಿರ್ಧಾರವಾಗುವುದು ಅದರ ಸೆನ್ಸರ್‌ನಿಂದ. ಅಗ್ಗದ ಸೈಕಲ್‌ಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುವ ಸೆನ್ಸರ್ ಇರುತ್ತದೆ. ಕಾಲು ಸುಮ್ಮನೆ ಆಡಿಸಿದರೂ ಸಾಕು, ಮೋಟಾರ್ ತನ್ನ ಪಾಲನ್ನು ಪೂರ್ತಿ ಕೊಡುತ್ತದೆ. ಬೆಲೆಬಾಳುವ ಸೈಕಲ್‌ಗಳಲ್ಲಿರುವ ಟಾರ್ಕ್ ಸೆನ್ಸರ್ ಒತ್ತಡವನ್ನೂ ಅಳೆಯುತ್ತದೆ. ಜೋರಾಗಿ ತುಳಿದರೆ ಹೆಚ್ಚು ನೆರವು, ಮೆಲ್ಲಗೆ ತುಳಿದರೆ ಕಡಿಮೆ.

ಮೋಟಾರ್ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಚಕ್ರದ ಹಬ್‌ನಲ್ಲಿ ಕೂತ ಮೋಟಾರ್ ಆ ಚಕ್ರವನ್ನೇ ನೇರವಾಗಿ ತಿರುಗಿಸುತ್ತದೆ. ಪೆಡಲ್‌ಗಳ ನಡುವೆ ಕೂತದ್ದು ಚೈನಿನ ಮೂಲಕ ಬಲ ಕಳಿಸುವುದರಿಂದ ಸೈಕಲ್ಲಿನ ಗೇರ್‌ಗಳ ಲಾಭ ಅದಕ್ಕೂ ಸಿಗುತ್ತದೆ. ಕಡಿದಾದ ಏರಿನಲ್ಲಿ ಎರಡನೆಯದೇ ಮೇಲು.

ನೆರವು ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. 75 ಕೆ.ಜಿ. ತೂಕದ ಸವಾರ 15 ಕೆ.ಜಿ.ಯ ಸಾಮಾನ್ಯ ಸೈಕಲ್ಲಿನಲ್ಲಿ, 100 ಮೀಟರ್‌ಗೆ 6 ಮೀಟರ್ ಏರುವ ರಸ್ತೆಯಲ್ಲಿ 120 ವಾಟ್ ಶಕ್ತಿ ಹಾಕಿದರೆ ವೇಗ ಗಂಟೆಗೆ ಸುಮಾರು 7 ಕಿ.ಮೀ. ಅದೇ ಸವಾರ 22 ಕೆ.ಜಿ.ಯ ಇ-ಸೈಕಲ್ಲಿನಲ್ಲಿ ಅಷ್ಟೇ ಶಕ್ತಿ ಹಾಕಿ, ಮೋಟಾರಿನಿಂದಲೂ 120 ವಾಟ್ ಪಡೆದರೆ ವೇಗ 12–13 ಕಿ.ಮೀ. ಆಗುತ್ತದೆ. ಕಾಲಿನ ದುಡಿಮೆ ಎರಡರಲ್ಲೂ ಒಂದೇ, ಬದಲಾದದ್ದು ವೇಗ. ವೇಗ ಅಷ್ಟೇ ಸಾಕೆಂದರೆ ದುಡಿಮೆ ತಗ್ಗುತ್ತದೆ. ಶ್ರಮ ಉಳಿಸಬೇಕೋ ಸಮಯ ಉಳಿಸಬೇಕೋ ಎಂಬ ಆಯ್ಕೆ ಸವಾರನ ಕೈಯಲ್ಲಿರುತ್ತದೆ.

ಕಾನೂನಿನ ಕಣ್ಣಲ್ಲಿ

ಐರೋಪ್ಯ ಒಕ್ಕೂಟದಲ್ಲಿ ಮೂರು ಷರತ್ತುಗಳನ್ನು ಪಾಲಿಸುವ ಇ-ಸೈಕಲ್ ಸೈಕಲ್ಲೇ: ಮೋಟಾರಿನ ನಿರಂತರ ಸಾಮರ್ಥ್ಯ 250 ವಾಟ್ ಮೀರಬಾರದು, ಗಂಟೆಗೆ 25 ಕಿ.ಮೀ. ವೇಗಕ್ಕೆ ನೆರವು ನಿಲ್ಲಬೇಕು, ತುಳಿತ ನಿಂತರೂ ನಿಲ್ಲಬೇಕು. 45 ಕಿ.ಮೀ.ವರೆಗೆ ನೆರವು ಕೊಡುವ ವೇಗದ ಬಗೆಯವು ಅಲ್ಲಿ ಮೊಪೆಡ್‌ಗಳ ಸಾಲಿಗೆ ಸೇರುತ್ತವೆ. ಜಪಾನಿನ ನಿಯಮ ಇನ್ನೂ ನಾಜೂಕಿನದು. 10 ಕಿ.ಮೀ. ವೇಗದವರೆಗೆ ಸವಾರನ ಬಲದ ಎರಡು ಪಟ್ಟು ನೆರವು ಕೊಡಬಹುದು, ಮುಂದೆ ಅದು ಇಳಿಯುತ್ತಾ ಹೋಗಿ 24 ಕಿ.ಮೀ.ಗೆ ಸೊನ್ನೆಯಾಗಬೇಕು.

ಅಮೆರಿಕದ ಕ್ಯಾಲಿಫೋರ್ನಿಯ 2015ರಲ್ಲಿ ಮೂರು ವರ್ಗಗಳ ಕಾಯ್ದೆ ಮಾಡಿತು. ತುಳಿದಾಗ ಮಾತ್ರ 32 ಕಿ.ಮೀ.ವರೆಗೆ ನೆರವು ಕೊಡುವುದು ಮೊದಲನೆಯದು. ತುಳಿಯದೆ ಥ್ರಾಟಲ್ ತಿರುವಿಯೇ ಆ ವೇಗ ಮುಟ್ಟಬಲ್ಲದ್ದು ಎರಡನೆಯದು. ತುಳಿದಾಗ 45 ಕಿ.ಮೀ.ವರೆಗೆ ನೆರವು ಕೊಡುವುದು ಮೂರನೆಯದು. ಬಳಿಕ ಅನೇಕ ರಾಜ್ಯಗಳು ಇದನ್ನೇ ಅನುಸರಿಸಿದವು. ಚೀನಾದ 2018ರ ಮಾನದಂಡದಲ್ಲಿ ಪೆಡಲ್ ಇರಲೇಬೇಕೆಂಬ ನಿಯಮವಿತ್ತು. ಆದರೆ ಅಲ್ಲಿನ ರಸ್ತೆ ತುಂಬಿದ್ದ ಸ್ಕೂಟರ್‌ನಂಥ ವಾಹನಗಳಲ್ಲಿ ಆ ಪೆಡಲ್‌ಗಳು ಹೆಸರಿಗೆ ಮಾತ್ರ ಇದ್ದವು. ಪೆಡಲ್ ಇದ್ದ ಮಾತ್ರಕ್ಕೆ ಸೈಕಲ್ ಆಗುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳೂ 250 ವಾಟ್ ಮತ್ತು 25 ಕಿ.ಮೀ. ಗೆರೆಯನ್ನೇ ಇಟ್ಟುಕೊಂಡಿವೆ. ಅದರೊಳಗಿರುವ ವಾಹನ ಮೋಟಾರು ವಾಹನವಲ್ಲ. ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಆದರೆ ಪೆಡಲ್ಲೇ ಇಲ್ಲದ ನಿಧಾನ ವೇಗದ ಬ್ಯಾಟರಿ ಗಾಡಿಗಳಿಗೂ ಈ ರಿಯಾಯಿತಿ ಇದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಅನೇಕ ಇ-ಸೈಕಲ್‌ಗಳಲ್ಲಿ ಪೆಡಲ್ ನೆರವೂ ಥ್ರಾಟಲ್ಲೂ ಎರಡೂ ಇರುತ್ತವೆ. ಹಾಗಾಗಿ ಇಲ್ಲಿ ಕಾನೂನು ಕೊಡುವ ವಿನಾಯಿತಿಯನ್ನು ನೋಡಿ ಸವಾರಿಯ ಬಗೆ ಯಾವುದೆಂದು ತೀರ್ಮಾನಿಸಲಾಗದು.

ದೇಹದ ಲೆಕ್ಕ

ವ್ಯಾಯಾಮದ ತೀವ್ರತೆಯನ್ನು ತಜ್ಞರು ‘ಮೆಟ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ಸುಮ್ಮನೆ ಕೂತಾಗ ದೇಹ ಬಳಸುವ ಶಕ್ತಿ 1 ಮೆಟ್. 3ರಿಂದ 6ರವರೆಗಿನದು ಮಧ್ಯಮ ತೀವ್ರತೆಯ ವ್ಯಾಯಾಮ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆಡಲ್ ನೆರವಿನ ಸವಾರಿ ಸಾಮಾನ್ಯವಾಗಿ ಈ ಮಟ್ಟವನ್ನು ಮುಟ್ಟುತ್ತದೆ.

ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನವೊಂದರಲ್ಲಿ, ಪಳಗಿದ ಬೆಟ್ಟದ ಸೈಕಲ್ ಸವಾರರು ಒಂದೇ ಹಾದಿಯನ್ನು ಎರಡೂ ಬಗೆಯ ಸೈಕಲ್‌ಗಳಲ್ಲಿ ಸುತ್ತಿದರು. ಇ-ಸೈಕಲ್ಲಿನಲ್ಲಿ ಅವರ ಸರಾಸರಿ ಹೃದಯ ಬಡಿತ ಸಾಮಾನ್ಯ ಸೈಕಲ್ಲಿನದರ ಸುಮಾರು ಶೇಕಡಾ 94ರಷ್ಟು ಇತ್ತು. ಕೊಲರಾಡೊ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ ವ್ಯಾಯಾಮದ ರೂಢಿಯಿಲ್ಲದ 20 ಮಂದಿ ನಾಲ್ಕು ವಾರ ಇ-ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಿ ಬಂದರು. ಅಷ್ಟರಲ್ಲೇ ಅವರ ಹೃದಯ-ಶ್ವಾಸಕೋಶದ ಕ್ಷಮತೆ ಹೆಚ್ಚಿ, ರಕ್ತದ ಸಕ್ಕರೆಯ ನಿಯಂತ್ರಣ ಸುಧಾರಿಸಿತ್ತು.

ಕಿಲೋಮೀಟರ್‌ಗೆ ಇಷ್ಟು ಶ್ರಮ ಎಂದು ನೋಡಿದರೆ ಇ-ಸೈಕಲ್ಲಿನದು ಕಡಿಮೆಯೇ. ಅದನ್ನು ಸರಿದೂಗಿಸುವುದು ದೂರ. ಆಂಟ್ವರ್ಪ್, ಬಾರ್ಸಿಲೋನಾ, ಲಂಡನ್, ಜ್ಯೂರಿಕ್ ಸೇರಿದಂತೆ ಯೂರೋಪಿನ ಏಳು ನಗರಗಳ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಇ-ಸೈಕಲ್ ಸವಾರರ ಒಂದು ಪಯಣ ಸರಾಸರಿ 9.4 ಕಿ.ಮೀ., ಸಾಮಾನ್ಯ ಸೈಕಲ್ ಸವಾರರದು 4.8 ಕಿ.ಮೀ. ವಾರದ ಒಟ್ಟು ದೈಹಿಕ ಚಟುವಟಿಕೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಸಮ. ಓಸ್ಲೋದ ಸಂಶೋಧಕರು ಇ-ಸೈಕಲ್ ಕೊಂಡವರನ್ನು ಗಮನಿಸಿದಾಗ, ದಿನಕ್ಕೆ 2.1 ಕಿ.ಮೀ. ಇದ್ದ ಅವರ ಸೈಕಲ್ ಸವಾರಿ 9.2 ಕಿ.ಮೀ.ಗೆ ಏರಿತ್ತು. ಏರಿಗೆ, ಎದುರುಗಾಳಿಗೆ, ಬೆವರಿಗೆ ಅಂಜಿ ಕಾರು ಹತ್ತುತ್ತಿದ್ದವರು ಪೆಡಲ್ ಮೇಲೆ ಕಾಲಿಟ್ಟರೆ ಅವರಿಗೆ ಅದು ಪೂರಾ ಲಾಭ. ಹಳೆಯ ಸೈಕಲ್ ಬಿಟ್ಟು ಅಷ್ಟೇ ದೂರವನ್ನು ಇ-ಸೈಕಲ್ಲಿನಲ್ಲಿ ಹೋಗುವವರಿಗೆ ಮಾತ್ರ ಶ್ರಮ ಖೋತಾ.

ಕ್ರೀಡಾಂಗಣದ ತೀರ್ಪು

ಸ್ಪರ್ಧೆಯಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮದ ಪ್ರಕಾರ ಸೈಕಲ್ ಸಾಗಬೇಕಾದದ್ದು ಕಾಲಿನ ಬಲದಿಂದಲೇ, ವಿದ್ಯುತ್ತಿನ ನೆರವು ಸಲ್ಲದು. 2016ರ ಜನವರಿಯಲ್ಲಿ ಬೆಲ್ಜಿಯಮ್ಮಿನ ಜೋಲ್ಡರ್‌ನಲ್ಲಿ ನಡೆದ ಸೈಕ್ಲೊಕ್ರಾಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯುವ ಸ್ಪರ್ಧಿಯೊಬ್ಬರಿಗಾಗಿ ಇಟ್ಟಿದ್ದ ಸೈಕಲ್ಲಿನ ಚೌಕಟ್ಟಿನೊಳಗೆ ಬಚ್ಚಿಟ್ಟ ಮೋಟಾರ್ ಸಿಕ್ಕಿತು. ಅವರಿಗೆ ಆರು ವರ್ಷದ ನಿಷೇಧ ಬಿತ್ತು. ಇದೇ ಯುಸಿಐ 2019ರಲ್ಲಿ ಕೆನಡಾದ ಮಾಂಟ್-ಸೇಂಟ್-ಆನ್‌ನಲ್ಲಿ ಇ-ಮೌಂಟನ್ ಬೈಕ್‌ಗೆಂದೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ದಕ್ಷಿಣ ಆಫ್ರಿಕಾದ ಅಲನ್ ಹ್ಯಾದರ್ಲಿ ಮತ್ತು ಸ್ವಿಟ್ಜರ್ಲೆಂಡಿನ ನಥಾಲಿ ಶ್ನೈಟರ್ ಗೆದ್ದರು. ಇಲ್ಲಿ ತಪ್ಪೆನಿಸುವುದು ಮೋಟಾರ್ ಇಲ್ಲದವರ ಜೊತೆ ಕದ್ದು ಮೋಟಾರ್ ಓಡಿಸುವುದು.

ದೂರದ ಸವಾರಿಯಾದ ಬ್ರೆವೆಗಳಲ್ಲೂ ಇದೇ ಶಿಸ್ತು. ಬೆಂಗಳೂರು, ಮೈಸೂರು ಮೊದಲಾದೆಡೆ ಸವಾರರು 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸುವ ಬ್ರೆವೆಗಳಲ್ಲಿ ಮನುಷ್ಯ ಬಲದಿಂದ ಸಾಗುವ ವಾಹನಕ್ಕಷ್ಟೇ ಅವಕಾಶ.

ಗೇರ್ ಬಂದಾಗಲೂ ಇದೇ ಜಗಳ

‘ಅಸಲಿ ಸವಾರಿ’ಯ ವಾದ ಇ-ಸೈಕಲ್ಲಿನ ಈ ತಕರಾರಿಗಿಂತ ಹಳೆಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಪಾಲ್ ದ ವಿವಿ ಬಹು ಗೇರ್‌ಗಳ ಪರವಾಗಿ ಬರೆಯುತ್ತಿದ್ದ. ಟೂರ್ ದ ಫ್ರಾನ್ಸ್ ಹುಟ್ಟುಹಾಕಿದ ಆನ್ರಿ ದೆಗ್ರಾಂಜ್‌ಗೆ ಗೇರ್ ಎಂದರೆ ವಯಸ್ಸಾದವರ ಊರುಗೋಲು, ಗೆಲುವು ಸ್ನಾಯುಬಲದಿಂದಲೇ ಬರಬೇಕು. ಟೂರ್‌ನಲ್ಲಿ ಡಿರೇಲರ್ ಗೇರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಇಂದು ಗೇರ್ ಸೈಕಲ್ ತುಳಿಯುವವರನ್ನು ಯಾರೂ ಆಕ್ಷೇಪಿಸುವುದಿಲ್ಲ.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಗೇರ್ ಸವಾರನ ಶಕ್ತಿಯನ್ನು ಅನುಕೂಲವಾಗುವಂತೆ ಬದಲಿಸಿ ಕೊಡುತ್ತದೆಯೇ ಹೊರತು ಒಂದು ವಾಟನ್ನೂ ಹೊಸದಾಗಿ ಸೇರಿಸುವುದಿಲ್ಲ. ಮೋಟಾರ್ ಸೇರಿಸುತ್ತದೆ. ನಂದಿಬೆಟ್ಟದ ಏರನ್ನು ಇ-ಸೈಕಲ್ಲಿನಲ್ಲಿ ಹತ್ತಿದವರದೂ ಸವಾರಿಯೇ. ಅವರ ಸಮಯವನ್ನು ಬರೀ ಕಾಲಿನ ಬಲದಲ್ಲಿ ಹತ್ತಿದವರ ಸಮಯದ ಪಕ್ಕದಲ್ಲಿ ಬರೆಯಲಾಗದು, ಅಷ್ಟೇ.

ಮಿತಿ ಮತ್ತು ಅಪಾಯ

ಇ-ಸೈಕಲ್ ಸಾಮಾನ್ಯವಾಗಿ 20–25 ಕೆ.ಜಿ. ತೂಗುತ್ತದೆ. ಬ್ರೇಕ್ ಹಿಡಿದಾಗ ನಿಲ್ಲಿಸಬೇಕಾದ ಭಾರ ಹೆಚ್ಚು, ಹೊಸಬರಿಗೆ ವೇಗದ ಅಂದಾಜೂ ತಪ್ಪಬಹುದು. ವೇಗದ ಮಿತಿಯನ್ನು ಕಿತ್ತುಹಾಕಿಸಿಕೊಂಡ ಸೈಕಲ್ ಕಾನೂನಿನ ರಕ್ಷಣೆಯನ್ನು ಕಳೆದುಕೊಳ್ಳುತ್ತದೆ. ಕಳಪೆ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಅನಾಹುತಗಳು ಹೆಚ್ಚಿದ್ದರಿಂದ ನ್ಯೂಯಾರ್ಕ್ ನಗರ 2023ರಲ್ಲಿ ಸುರಕ್ಷತಾ ಪ್ರಮಾಣಪತ್ರವಿಲ್ಲದ ಇ-ಸೈಕಲ್ ಮತ್ತು ಬ್ಯಾಟರಿಗಳ ಮಾರಾಟವನ್ನೇ ನಿಷೇಧಿಸಿತು.

ಗುರುತಿಸುವುದು ಹೇಗೆ?

ಕೊಳ್ಳುವ ಮುನ್ನ ಎರಡು ಪರೀಕ್ಷೆ ಮಾಡಬಹುದು. ಮೊದಲನೆಯದು, ಓಡುತ್ತಿರುವಾಗ ತುಳಿಯುವುದನ್ನು ನಿಲ್ಲಿಸಿ ನೋಡುವುದು: ಆಗಲೂ ಮೋಟಾರ್ ಎಳೆಯುತ್ತಿದ್ದರೆ ಅದು ಪೆಡಲ್ ಇರುವ ಬ್ಯಾಟರಿ ಗಾಡಿ. ಎರಡನೆಯದು, ಸ್ವಿಚ್ ಆರಿಸಿ ಅಂಗಡಿಯ ಬೀದಿಯಲ್ಲಿ ಒಂದು ಸುತ್ತು ತುಳಿಯುವುದು: ಭಾರವೆನಿಸಿದರೂ ಮನೆಯವರೆಗೆ ತುಳಿದುಕೊಂಡು ಹೋಗುವಂತಿದ್ದರೆ ಅದು ಸೈಕಲ್. ಈ ಎರಡರಲ್ಲೂ ಪಾಸಾದ ಗಾಡಿಯ ಮೇಲೆ ಕೂತವರು ಪಂದ್ಯದ ಪಟ್ಟಿಯಲ್ಲಿ ಸೇರದಿದ್ದರೂ ಸೈಕಲ್ ಸವಾರರ ಲೆಕ್ಕಕ್ಕೆ ಸೇರುತ್ತಾರೆ.