ಕಳ್ಳು, ಹುಳಿಹಿಟ್ಟು, ಬನ್ಸ್: ಕರಾವಳಿಯ ಹುದುಗಿನ ಚರಿತ್ರೆ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾರ್ಕಳದ ರಸ್ತೆ ಕವಲೊಡೆಯುವಲ್ಲಿ ಪಡುಬಿದ್ರಿ ಇದೆ. ಇಲ್ಲಿಯ, ಕಾಪುವಿನ ಅಥವಾ ಮಣಿಪಾಲದ ಉಪಾಹಾರ ಗೃಹಗಳಲ್ಲಿ ಬೆಳಿಗ್ಗೆ ಇಡ್ಲಿ ಇರುತ್ತದೆ, ಬನ್ಸ್ ಇರುತ್ತದೆ. ಪಕ್ಕದ ಬೇಕರಿಯಲ್ಲಿ ಬನ್ನು ಇರುತ್ತದೆ. ಮೂರೂ ಉಬ್ಬಿದ ತಿಂಡಿಗಳು. ಮೂರನ್ನೂ ಉಬ್ಬಿಸುವುದು ಮುಖ್ಯವಾಗಿ ಒಂದೇ ಅನಿಲ, ಇಂಗಾಲದ ಡೈಆಕ್ಸೈಡ್. ಆದರೆ ಅದರ ಮೂಲ ಮೂರರಲ್ಲೂ ಬೇರೆ. ಇಡ್ಲಿಯಲ್ಲಿ ಅದನ್ನು ಕೊಡುವುದು ಬ್ಯಾಕ್ಟೀರಿಯಾ. ಬೇಕರಿ ಬನ್ನಿನಲ್ಲಿ ಕಾರ್ಖಾನೆಯಿಂದ ಬಂದ ಯೀಸ್ಟ್. ಬನ್ಸ್‌ನಲ್ಲಿ ಮೊಸರಿನ ಆಮ್ಲದೊಡನೆ ವರ್ತಿಸುವ ಅಡಿಗೆ ಸೋಡಾ.

ಈಗ ನಗರಗಳ ಬೇಕರಿಗಳಲ್ಲಿ ನಾಲ್ಕನೆಯದೊಂದು ಕಾಣಿಸಿಕೊಂಡಿದೆ. ಅದೇ ‘ಸೋರ್‌ಡೋ’, ಅಂದರೆ ಹುಳಿಹಿಟ್ಟಿನ ಬ್ರೆಡ್ಡು. ಇದನ್ನು ಪಶ್ಚಿಮದಿಂದ ಬಂದ ಹೊಸ ವಸ್ತುವೆಂದು ಹಲವರು ತಿಳಿದಿದ್ದಾರೆ. ಕಾರ್ಖಾನೆಯ ಯೀಸ್ಟ್ ಬರುವ ಮೊದಲು ನಮ್ಮ ಕರಾವಳಿಯಲ್ಲಿ ಗೋಧಿ ಹಿಟ್ಟು ಉಬ್ಬುತ್ತಿರಲಿಲ್ಲವೇ? ಉಬ್ಬುತ್ತಿದ್ದರೆ ಅದಕ್ಕೆ ಹುದುಗು ಎಲ್ಲಿಂದ ಬರುತ್ತಿತ್ತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ನೀವು ತಲುಪುವುದು ಬೇಕರಿಗೆ ಅಲ್ಲ, ತಾಳೆ ಮರದ ತುದಿಗೆ.

ಹುಳಿಹಿಟ್ಟು ಎಂದರೇನು?

ಗೋಧಿ ಹಿಟ್ಟಿಗೆ ನೀರು ಕಲಸಿ ಬಿಟ್ಟರೆ ಹಿಟ್ಟಿನಲ್ಲೇ ಇರುವ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ದಿನವೂ ಒಂದಿಷ್ಟು ಭಾಗ ತೆಗೆದು ಹೊಸ ಹಿಟ್ಟು, ನೀರು ಕೊಡುತ್ತಾ ಹೋದರೆ ಕೊನೆಗೆ ಎರಡು ಗುಂಪುಗಳು ನೆಲೆ ನಿಲ್ಲುತ್ತವೆ. ಒಂದು, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ. ಇನ್ನೊಂದು, ಆಮ್ಲವನ್ನು ಸಹಿಸಬಲ್ಲ ಕಾಡು ಯೀಸ್ಟ್. ಬ್ಯಾಕ್ಟೀರಿಯಾ ಹುಳಿ ಕೊಡುತ್ತದೆ, ಯೀಸ್ಟ್ ಅನಿಲ ಕೊಡುತ್ತದೆ. ಬ್ಯಾಕ್ಟೀರಿಯಾದ ಸಂಖ್ಯೆ ಸಾಮಾನ್ಯವಾಗಿ ಯೀಸ್ಟಿಗಿಂತ ಬಹುಪಾಲು ಹೆಚ್ಚು.

ಮನುಷ್ಯ ಇದನ್ನು ಸಾವಿರಾರು ವರ್ಷ ಬಳಸಿದರೂ ಕಾರಣ ತಿಳಿದದ್ದು ಇತ್ತೀಚೆಗೆ. 1680ರಲ್ಲಿ ಲೇವನ್‌ಹುಕ್ ಬಿಯರಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಅದು ಜೀವಿಯೆಂದು ಅವನಿಗೆ ಹೊಳೆಯಲಿಲ್ಲ. 1837ರ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಮತ್ತು ಜರ್ಮನಿಯ ಶ್ವಾನ್ ಅದು ಜೀವಿಯೆಂದು ಪ್ರತ್ಯೇಕವಾಗಿ ತೋರಿಸಿದರು. 1857ರಲ್ಲಿ ಲೂಯಿ ಪಾಶ್ಚರ್ ಹಾಲು ಹುಳಿಯಾಗುವುದಕ್ಕೂ ಜೀವಿಗಳೇ ಕಾರಣವೆಂದ. 1971ರಲ್ಲಿ ಅಮೆರಿಕದ ಕ್ಲೈನ್ ಮತ್ತು ಸುಗಿಹಾರ ಸ್ಯಾನ್‌ಫ್ರಾನ್ಸಿಸ್ಕೊದ ಹುಳಿ ಬ್ರೆಡ್ಡಿನಿಂದ ಒಂದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಆ ಊರಿನ ಹೆಸರೇ ಅದಕ್ಕೆ ಉಳಿಯಿತು.

ಇಡ್ಲಿ ಕಲಿಸಿದ ಪಾಠ

ಕರಾವಳಿಗೆ ಹುದುಗು ಹೊಸತಲ್ಲ. ಕನ್ನಡದ ಗ್ರಂಥಗಳಲ್ಲೇ ಇದರ ಜಾಡು ಇದೆ. ಸುಮಾರು ಕ್ರಿ.ಶ. 920ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವ ವಿಧಾನವಿದೆ. ಆಹಾರ ಚರಿತ್ರಕಾರ ಕೆ.ಟಿ. ಅಚಯ ಅವರು ಈ ಹಳೆಯ ಪಾಠಗಳಲ್ಲಿ ಅಕ್ಕಿ, ದೀರ್ಘ ಹುದುಗುವಿಕೆ, ಹಬೆ ಈ ಮೂರೂ ಕಾಣುವುದಿಲ್ಲ ಎಂದು ಗಮನಿಸಿದ್ದಾರೆ. ಆದರೂ ಮಜ್ಜಿಗೆಯೆಂದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಸಾರು ಎಂಬುದನ್ನು ನೀವು ಮರೆಯುವಂತಿಲ್ಲ.

ಇಡ್ಲಿ ಹಿಟ್ಟಿನ ಒಳಗುಟ್ಟನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಸಂಗಡಿಗರು 1960ರಲ್ಲಿ ಅಧ್ಯಯನ ಮಾಡಿದರು. 1965ರಲ್ಲಿ ಮುಖರ್ಜಿ ಮತ್ತಿತರರು ಅನಿಲ ಕೊಡುವ ಮುಖ್ಯ ಜೀವಿ ‘ಲ್ಯುಕೊನಾಸ್ಟಾಕ್ ಮೆಸೆಂಟರಾಯ್ಡಿಸ್’ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದರು. ಇಲ್ಲಿ ಯೀಸ್ಟ್ ಇಲ್ಲದೆಯೂ ಹಿಟ್ಟು ಉಬ್ಬುತ್ತದೆ.

ಆದರೆ ಅನಿಲ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡುವ ಬಲೆಯೂ ಬೇಕು. ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಬಲೆಯಿದೆ. ಅಕ್ಕಿಯಲ್ಲಿ ಅದಿಲ್ಲ. ಆ ಕೊರತೆಯನ್ನು ಉದ್ದು ತುಂಬುತ್ತದೆ. ಉದ್ದಿನ ಪ್ರೋಟೀನೂ ಅರಬಿನೊಗ್ಯಾಲಕ್ಟಾನ್ ಎಂಬ ಲೋಳೆಯೂ ಸೇರಿ ನೊರೆಯನ್ನು ಹಿಡಿಯುತ್ತವೆ ಎಂದು ಮೈಸೂರಿನ ಅದೇ ಸಂಸ್ಥೆಯ ಸುಶೀಲಮ್ಮ ಮತ್ತು ರಾವ್ 1970ರ ದಶಕದಲ್ಲಿ ವಿವರಿಸಿದರು. ಅಕ್ಕಿ ಬೆಳೆಯುವ, ಗೋಧಿ ಬೆಳೆಯದ ನಾಡಿಗೆ ಇದು ತಕ್ಕ ಪರಿಹಾರ. ಕರಾವಳಿಯ ಮನೆಗಳಲ್ಲಿ ಹುದುಗು ಇತ್ತು, ಓವನ್ ಇರಲಿಲ್ಲ. ಆದ್ದರಿಂದ ಉಬ್ಬಿದ ಹಿಟ್ಟು ಹಬೆಗೆ ಹೋಯಿತು, ಕಾವಲಿಗೆ ಹೋಯಿತು, ಎಣ್ಣೆಗೆ ಹೋಯಿತು. ಹಲಸಿನ ಎಲೆಯ ಕೊಟ್ಟೆ ಕಡುಬು, ಮುಂಡುಗದ ಎಲೆಯ ಮೂಡೆ, ಗೋಳಿಬಜೆ, ಬನ್ಸ್ ಎಲ್ಲವೂ ಈ ದಾರಿಯವು.

ಮೂರ್ತೆದಾರನ ಮಡಕೆ

ಗೋಧಿ ಬ್ರೆಡ್ಡೂ ಓವನ್ನೂ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿದ್ದು ಪೋರ್ಚುಗೀಸರಿಂದ. 1510ರಲ್ಲಿ ಅವರು ಗೋವೆಯನ್ನು ಹಿಡಿದರು. ‘ಪಾವ್’ ಎಂಬ ನಮ್ಮ ಮಾತು ಬ್ರೆಡ್ಡಿಗೆ ಅವರಿಟ್ಟ ಹೆಸರಿನಿಂದ ಬಂದದ್ದು. ಬ್ರೆಡ್ಡಿಗೆ ಹುದುಗು ಬೇಕು. ಗೋವೆಯ ರೊಟ್ಟಿಗಾರರು ಅದನ್ನು ತೆಂಗಿನ ಮರದಲ್ಲಿ ಕಂಡರು. ಹಿಟ್ಟಿಗೆ ಕಳ್ಳು ಬೆರೆಸಿದರು. ಯುರೋಪಿನ ಓವನ್ನೂ ಕರಾವಳಿಯ ಹುದುಗೂ ಸೇರಿ ಹುಟ್ಟಿದ ಬ್ರೆಡ್ಡು ಅದು.

ಮುಂದೆ 16ರಿಂದ 18ನೇ ಶತಮಾನದವರೆಗೆ ಗೋವೆಯಿಂದ ಕೊಂಕಣಿ ಕ್ರೈಸ್ತರು ಕೆನರಾ ಕರಾವಳಿಗೆ ವಲಸೆ ಬಂದರು. ಉಡುಪಿ ಬಳಿಯ ಕಲ್ಯಾಣಪುರದ ಇಗರ್ಜಿ 1678ರದು. ಅವರ ಹಬ್ಬದ ಊಟದ ‘ಸನ್ನ’ದಲ್ಲಿ ಅದೇ ಹುದುಗು ಬೇರೆ ರೂಪ ತಾಳಿತು. ಅಕ್ಕಿ, ಉದ್ದು ಅರೆದ ಹಿಟ್ಟಿಗೆ ಕಳ್ಳು ಬೆರೆಸಿ, ಉಬ್ಬಿದ ಮೇಲೆ ಹಬೆಯಲ್ಲಿ ಬೇಯಿಸಿದರೆ ಸನ್ನ.

ತುಳುವಿನಲ್ಲಿ ಕಳ್ಳಿಗೆ ‘ಕಲಿ’ ಎನ್ನುತ್ತಾರೆ, ಕಳ್ಳು ಇಳಿಸುವ ಕೆಲಸಕ್ಕೆ ‘ಮೂರ್ತೆ’. ಮೂರ್ತೆದಾರ ತಾಳೆ ಅಥವಾ ತೆಂಗಿನ ಮರವೇರಿ, ಹೂಗೊಂಚಲನ್ನು ಬಡಿದು ಹದಮಾಡಿ, ತುದಿಯನ್ನು ತೆಳ್ಳಗೆ ಕೊಯ್ದು ಮಡಕೆ ಕಟ್ಟುತ್ತಾನೆ. ಒಸರುವ ರಸದಲ್ಲಿ ಶೇಕಡ 10ರಿಂದ 15ರಷ್ಟು ಸಕ್ಕರೆ ಇರುತ್ತದೆ. ನಿನ್ನೆಯ ಮಡಕೆಯಲ್ಲಿ ಉಳಿದ ಯೀಸ್ಟ್ ಇಂದಿನ ರಸವನ್ನು ಹುದುಗಿಸುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುದುಗುವಿಕೆ ತಡೆಯುತ್ತದೆ. ಸಿಹಿ ನೀರಾ ಸಿಗುತ್ತದೆ. ಸುಣ್ಣವಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ನೊರೆ ಏಳುತ್ತದೆ, ಒಂದು ದಿನದಲ್ಲಿ ಶೇಕಡ 4–5ರಷ್ಟು ಮದ್ಯಸಾರ ತಯಾರಾಗುತ್ತದೆ, ಇನ್ನೂ ಬಿಟ್ಟರೆ ವಿನೆಗರ್ ಆಗುತ್ತದೆ. ಕಳ್ಳಿನಲ್ಲಿ ಯೀಸ್ಟ್, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಅಸಿಟಿಕ್ ಬ್ಯಾಕ್ಟೀರಿಯಾ ಮೂರೂ ಇವೆ. ಅಂದರೆ ಅದು ಮಡಕೆಯಲ್ಲಿ ಸಾಕಿದ ದ್ರವರೂಪದ ಹುಳಿಹಿಟ್ಟು. ಮೂರ್ತೆದಾರ ತನಗೆ ತಿಳಿಯದೆಯೇ ಒಬ್ಬ ಸೂಕ್ಷ್ಮಜೀವಿ ಕೃಷಿಕ.

ಶಾಖದ ಲೆಕ್ಕ

ಯುರೋಪಿನವರು ಹಿಟ್ಟಿನಲ್ಲೇ ಹುದುಗು ಸಾಕಿದರು. ಕರಾವಳಿಯವರು ಕಳ್ಳನ್ನೇಕೆ ಆರಿಸಿಕೊಂಡರು? ಸುಲಭವಾಗಿ ಸಿಗುತ್ತಿತ್ತು ಎಂಬುದು ಒಂದು ಉತ್ತರ. ಭೌತ ಪರಿಸರವೂ ಇನ್ನೊಂದು ಉತ್ತರ ಕೊಡುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊದ ಆ ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುವುದು ಸುಮಾರು 32–33 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಜೊತೆಗಾರ ಯೀಸ್ಟ್ ಸುಮಾರು 27–28 ಡಿಗ್ರಿಯಲ್ಲಿ ಎಂದು ಜರ್ಮನಿಯ ಸಂಶೋಧಕರು 1998ರಲ್ಲಿ ಅಳೆದರು. 36 ಡಿಗ್ರಿಯ ಹೊತ್ತಿಗೆ ಆ ಯೀಸ್ಟಿನ ಬೆಳವಣಿಗೆ ನಿಂತೇಹೋಗುತ್ತದೆ.

ಈಗ ಪಡುಬಿದ್ರಿಯ ಮೇ ತಿಂಗಳ ಮಧ್ಯಾಹ್ನವನ್ನು ನೆನೆಯಿರಿ. ಅಡುಗೆಮನೆಯ ಶಾಖ 32–33 ಡಿಗ್ರಿ. ಅಂದರೆ ಹುಳಿ ಓಡುತ್ತದೆ, ಉಬ್ಬು ಹಿಂದೆ ಬೀಳುತ್ತದೆ. ಆಮ್ಲ ಅತಿಯಾದರೆ ಗ್ಲುಟೆನ್ ಬಲೆ ಸಡಿಲವಾಗಿ ಹಿಟ್ಟು ನೀರಾಗುತ್ತದೆ. ಇಂಥ ಹವೆಯಲ್ಲಿ ಯೀಸ್ಟಿನ ಪಾಲು ಮೊದಲೇ ಹೆಚ್ಚಿರುವ, ಬೇಗ ಅನಿಲ ಕೊಡುವ ಹುದುಗು ಅನುಕೂಲ. ಕಳ್ಳು ಅಂಥದ್ದು. ರೊಟ್ಟಿಗಾರರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಪೊಟ್ಟಣದ ಯೀಸ್ಟ್, ಖಾಲಿಯಾದ ಮಡಕೆ

1868ರಲ್ಲಿ ಫ್ಲೈಶ್‌ಮನ್ ಸಹೋದರರು ಅಮೆರಿಕದ ಸಿನ್ಸಿನಾಟಿಯಲ್ಲಿ ಒತ್ತಿದ ಯೀಸ್ಟ್ ಬಿಲ್ಲೆಯನ್ನು ಮಾರಲು ತೊಡಗಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಒಣ ಯೀಸ್ಟ್ ಬಂತು. ಒಂದೇ ಜಾತಿ, ಒಂದೇ ವೇಗ, ದಿನವೂ ಅದೇ ಫಲ. ಬೇಕರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಕಾನೂನೂ ಸೇರಿತು. ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1937ರಲ್ಲಿ ಸೇಲಂನಲ್ಲಿ ಆರಂಭವಾದ ಪಾನನಿರೋಧ 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯವನ್ನು ಆವರಿಸಿತು. ಹುದುಗಿದ ಕಳ್ಳು ಇಳಿಸುವುದು, ಮಾರುವುದು ಅಪರಾಧವಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಪಾನನಿರೋಧ ತೆರವಾದದ್ದು 1967ರಲ್ಲಿ. ಕಾನೂನು ಗುರಿಯಿಟ್ಟದ್ದು ಕುಡಿತದ ಮೇಲೆ. ಕುಡಿತದಿಂದ ಹಾಳಾದ ಮನೆಗಳು ನಿಜವಾಗಿಯೂ ಇದ್ದವು. ಆದರೆ ಅದೇ ಮಡಕೆಯಿಂದ ಅಡುಗೆಮನೆಗೆ ಬರುತ್ತಿದ್ದ ಹುದುಗಿಗೂ ಕಾನೂನಿನ ದಾರಿ ಮುಚ್ಚಿತು. ಸುಮಾರು ಎರಡು ದಶಕವೆಂದರೆ ಒಂದು ತಲೆಮಾರು ಕಸುಬು ಕಲಿಯುವ ಕಾಲ. ಇಂದು ಮೂರ್ತೆದಾರರ ಸಹಕಾರ ಸಂಘಗಳಿವೆ, ಆದರೆ ಮರವೇರುವ ಕಿರಿಯರು ಕಡಿಮೆ. ಸನ್ನ ಮಾಡುವ ಬಹಳ ಮನೆಗಳಲ್ಲಿ ಈಗ ಒಣ ಯೀಸ್ಟಿಗೆ ಸಕ್ಕರೆ ಬೆರೆಸುತ್ತಾರೆ.

ಇದರಿಂದ ನಾವು ಕಳೆದುಕೊಳ್ಳುತ್ತಿರುವುದೇನು? ಪಡುಬಿದ್ರಿಗೇ ವಿಶಿಷ್ಟವಾದ ಯೀಸ್ಟ್ ಎಂದು ಬೇಗ ಹೇಳಬೇಡಿ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಲ್ಕು ಖಂಡಗಳ 500 ಹುಳಿಹಿಟ್ಟುಗಳನ್ನು ಪರೀಕ್ಷಿಸಿತು. ಊರು ಯಾವುದು ಎಂಬುದರ ಪ್ರಭಾವ ನಿರೀಕ್ಷೆಗಿಂತ ಬಹಳ ಕಡಿಮೆಯೆಂದು ಕಂಡಿತು. ಕಳೆದುಹೋಗುತ್ತಿರುವುದು ಜೀವಿಯ ಹೆಸರಲ್ಲ, ಜೀವಿಗಳನ್ನು ಒಟ್ಟಾಗಿ ಸಾಕುವ ಜ್ಞಾನ. ಚಂಡೀಗಢದ, ಪುಣೆಯ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ ಒಂದೊಂದೇ ತಳಿಯನ್ನು ಶುದ್ಧವಾಗಿ ಇಡಬಹುದು. ಯಾವ ಹೊತ್ತಿಗೆ ಇಳಿಸಿದ ಕಳ್ಳು, ಎಷ್ಟು ಹಿಟ್ಟಿಗೆ, ಮಳೆಗಾಲದಲ್ಲಿ ಎಷ್ಟು ಹೊತ್ತು ಎಂಬುದನ್ನು ಅಲ್ಲಿ ಇಡಲಾಗದು.

ನೀವೇ ಮಾಡಿ ನೋಡಿ

ತರಗತಿಗೆ ಕಳ್ಳು ಬೇಡ. ಗೋಧಿ ಹಿಟ್ಟಿನಿಂದಲೇ ಹುದುಗು ಸಾಕಬಹುದು. ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ 50 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ನೀರು ಕಲಸಿ ಸಡಿಲವಾಗಿ ಮುಚ್ಚಿ. ಹೊರಗೆ ರಬ್ಬರ್ ಪಟ್ಟಿ ಹಾಕಿ ಮಟ್ಟ ಗುರುತಿಸಿ. ಪ್ರತಿದಿನ 50 ಗ್ರಾಂ ಮಾತ್ರ ಉಳಿಸಿಕೊಂಡು ಮತ್ತೆ 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಸೇರಿಸಿ. ಎತ್ತರವನ್ನೂ ಪಿಎಚ್ ಕಾಗದದ ಬಣ್ಣವನ್ನೂ ಕೋಣೆಯ ಶಾಖವನ್ನೂ ಬರೆದಿಡಿ.

ಎರಡನೇ ದಿನ ಹಿಟ್ಟು ಜೋರಾಗಿ ಉಬ್ಬಬಹುದು. ಮೋಸಹೋಗಬೇಡಿ, ಅದು ಸಾಮಾನ್ಯವಾಗಿ ಯೀಸ್ಟಿನ ಕೆಲಸವಲ್ಲ, ಮೊದಲು ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳದು. ಆಮ್ಲ ಹೆಚ್ಚಿದಂತೆ ಅವು ಅಡಗುತ್ತವೆ, ಹಿಟ್ಟು ಒಂದೆರಡು ದಿನ ಸುಮ್ಮನಿರುತ್ತದೆ. ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ ಯೀಸ್ಟ್ ಏಳುತ್ತದೆ. ಒಂದು ವಾರದಲ್ಲಿ, ಹಿಟ್ಟು ಕೊಟ್ಟ 4–6 ಗಂಟೆಯೊಳಗೆ ಎರಡು ಪಟ್ಟು ಏರಿದರೆ ಹುದುಗು ಸಿದ್ಧ. ಗುಲಾಬಿ ಬಣ್ಣ ಅಥವಾ ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ.

ಇನ್ನು ಬನ್ನು. ಏರಿದ ಹುದುಗು 100 ಗ್ರಾಂ, ಮೈದಾ 300 ಗ್ರಾಂ, ಹಾಲು 170 ಗ್ರಾಂ, ಸಕ್ಕರೆ 20 ಗ್ರಾಂ, ಎಣ್ಣೆ ಅಥವಾ ತುಪ್ಪ 25 ಗ್ರಾಂ, ಉಪ್ಪು 6 ಗ್ರಾಂ. ಹಿಟ್ಟು ನಯವಾಗುವವರೆಗೆ ಹತ್ತು ನಿಮಿಷ ನಾದಿ. 30 ಡಿಗ್ರಿಯಲ್ಲಿ 3–4 ಗಂಟೆಯಲ್ಲಿ ಅದು ಒಂದೂವರೆ ಪಟ್ಟಾಗುತ್ತದೆ. ಎಂಟು ಉಂಡೆ ಮಾಡಿ ಒತ್ತೊತ್ತಾಗಿ ತಟ್ಟೆಯಲ್ಲಿಟ್ಟು ಮತ್ತೆ ಎರಡು ಗಂಟೆ ಬಿಡಿ. 190 ಡಿಗ್ರಿಯ ಓವನ್ನಿನಲ್ಲಿ 20–22 ನಿಮಿಷ ಬೇಯಿಸಿ. ಪರದೇಶದ ಪುಸ್ತಕಗಳಲ್ಲಿ ಹಿಟ್ಟನ್ನು ರಾತ್ರಿಯಿಡೀ ಹೊರಗೆ ಬಿಡಲು ಹೇಳಿದ್ದರೆ ಅದು ತಂಪು ನಾಡಿನ ಮಾತು. ನಮ್ಮಲ್ಲಿ ಹಾಗೆ ಬಿಟ್ಟರೆ ಹುಳಿ ಮಾತ್ರ ಉಳಿಯುತ್ತದೆ. ಗಡಿಯಾರವನ್ನಲ್ಲ, ಹಿಟ್ಟನ್ನು ನೋಡಿ.

ಇದರ ಜೊತೆ ಶಿಕ್ಷಕರು ಇನ್ನೊಂದು ಕೆಲಸವನ್ನೂ ಮಕ್ಕಳಿಗೆ ಕೊಡಬಹುದು. ಪ್ರತಿಯೊಬ್ಬರೂ ತಮ್ಮ ಊರಿನ ಒಬ್ಬ ಹಿರಿಯ ಮೂರ್ತೆದಾರರನ್ನು ಅಥವಾ ಸನ್ನ ಮಾಡುವ ಅಜ್ಜಿಯನ್ನು ಕೇಳಿ ಬರೆದುಕೊಳ್ಳಲಿ: ಯಾವ ಮರ, ಯಾವ ತಿಂಗಳು, ಎಷ್ಟು ಕಳ್ಳು, ಎಷ್ಟು ಹಿಟ್ಟು, ಎಷ್ಟು ಹೊತ್ತು. ಹಿಟ್ಟಿನ ಹುದುಗನ್ನು ನೀವು ಯಾವಾಗ ಬೇಕಾದರೂ ಹೊಸದಾಗಿ ಎಬ್ಬಿಸಬಹುದು. ಈ ಉತ್ತರಗಳನ್ನು ಮಾತ್ರ, ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕು.